ಹತ್ತನೆಯ ಮನೆ

ಬಸರಾಳು
೧೨-೨-೨೦೨೪

ಭಾಗ್ಯಲಕ್ಷ್ಮಿಗೆ ನಿನ್ನ ಭಾವ ರಾಮಲಿಂಗಯ್ಯ ಬರೆಯುವುದು,

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಬೇಕಾಗಿಯೂ ಇಲ್ಲ ಬಿಡು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ಊರಿನಲ್ಲಿ ಉಳಿತಾಯದ ಸಹಕಾರ ಸಂಘ ಮಾಡೋಣ ಅಂತ ನಾನೇ ಮುಂದೆ ನಿಂತೆ. ಬೋರ್ಡೂ ಬರೆಸಿದೆ. ಆಮೇಲೆ ಅಂಬರೀಶ್ ಮೇಷ್ಟ್ರು ಕಾನೂನು ಹೇಳಿದರು. ರಿಜಿಸ್ಟರಾಗಿ ಸರ್ಟಿಫಿಕೇಟು ಕೈಗೆ ಬರುವವರೆಗೆ ಯಾರ ಠೇವಣಿಯನ್ನೂ ಮುಟ್ಟುವ ಹಾಗಿಲ್ಲ. ಅದಕ್ಕೂ ಮೊದಲು ಬೇರೆ ಬೇರೆ ಕುಟುಂಬದ ಹತ್ತು ಜನ ಅರ್ಜಿಗೆ ಸಹಿ ಹಾಕಬೇಕು. ಒಂದೇ ಮನೆಯಿಂದ ಎಷ್ಟು ಜನ ಬಂದರೂ ಒಬ್ಬರೇ ಲೆಕ್ಕ.

ಒಂಬತ್ತು ಮನೆ ಆಯಿತು. ಹತ್ತನೆಯದಕ್ಕೆ ನಾಲ್ಕು ದಿನ ಅಲೆದೆ. ನನ್ನ ಬಾಯಿಗೆ ಹೆದರಿ ಯಾರೂ ಬರಲಿಲ್ಲ. ಕೊನೆಗೆ ನಿನ್ನ ಹೆಸರು ಬರೆದೆ. ತಮ್ಮ ಸಿದ್ದರಾಮುವಿನ ಹೆಂಡತಿ, ಪ್ರತ್ಯೇಕ ಕುಟುಂಬ ಅಂತ. ಸಹಿಯನ್ನೂ ನಾನೇ ಹಾಕಿದೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ.

ಮಂಡ್ಯದ ಆಫೀಸಿನಲ್ಲಿ ಎಲ್ಲರ ರೇಷನ್ ಕಾರ್ಡು ನೋಡಿದರು. ನಿನ್ನ ಹೆಸರು ಇನ್ನೂ ನನ್ನ ಕಾರ್ಡಿನಲ್ಲೇ ಇತ್ತು. ನೀನು ಮದ್ದೂರಿಗೆ ಹೋದ ಮೇಲೂ ನಿನ್ನ ಪಾಲಿನ ಅಕ್ಕಿಯನ್ನು ನಾನೇ ತಂದು ಉಂಡಿದ್ದೇನೆ. ಇವರು ಬೇರೆ ಮನೆಯೋ ನಿಮ್ಮ ಮನೆಯೋ ಅಂತ ಆ ಆಫೀಸರಮ್ಮ ಮೆಲ್ಲಗೆ ಕೇಳಿದರು. ನಾನು ಕಾರ್ಡು ವಾಪಸು ತೆಗೆದುಕೊಳ್ಳಲು ಕೈ ಚಾಚಿದೆ. ಮರಿತಾಯಮ್ಮ ಬಿಡುತ್ತಾಳೆಯೇ? ಒಂಬತ್ತು ಜನರಲ್ಲಿ ಅವಳೂ ಒಬ್ಬಳು. "ಅವ್ಳು ಕಾರ್ಡು ಕೇಳ್ದಾಗ ಒಂದೇ ಮನೆ ಅಂತಿದ್ದೆ. ಈಗ ಸಂಗ ಕಟ್ಟಕೆ ಬ್ಯಾರೆ ಮನೆ ಆಗೋದ್ಲಾ ರಾಮಲಿಂಗಣ್ಣ?" ಅಂದಳು.

ಬೇರೆ ದಿನವಾಗಿದ್ದರೆ ಹರಿಹಾಯುತ್ತಿದ್ದೆ. ಅವತ್ತು ನನ್ನ ಚಪ್ಪಲಿ ನೋಡುತ್ತ ನಿಂತೆ. ಸಹಿ ಹಾಕಿದ್ದು ನಾನೇ ಅಂತ ಒಪ್ಪಿಕೊಂಡೆ. ಅರ್ಜಿ ವಾಪಸು ಕೊಟ್ಟರು. ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬರೂ ಕೂರಲಿಲ್ಲ, ನಿಂತುಕೊಂಡೇ ಬಂದರು.

ಸಿದ್ದರಾಮು ತೀರಿಕೊಂಡ ವರ್ಷವೇ ನೀನು ಬೇರೆ ಕಾರ್ಡಿಗೆ ಅರ್ಜಿ ಬರೆದೆ. ಕಾರ್ಡು ಬೇರೆಯಾದರೆ ಜಮೀನೂ ಬೇರೆಯಾಗುತ್ತದೆ ಅಂತ ನನಗೆ ಭಯ. ನಾನೇ ಕೊಟ್ಟು ಬರುತ್ತೇನೆ ಅಂತ ಇಸಿದುಕೊಂಡೆ. ಆಗಲ್ಲ ಅಂದರು ಅಂತ ಬಂದು ಹೇಳಿದೆ. ನೀನು ಹೊಲಿಗೆ ಮಿಷನ್ನು ಆಟೋಗೆ ಹಾಕಿಕೊಂಡು ಮದ್ದೂರಿಗೆ ಹೋದೆ.

ಸಂಘಕ್ಕೆ ಸಹಿ ಹಾಕು ಅಂತ ಕೇಳಲು ಇದನ್ನು ಬರೆದಿಲ್ಲ. ಸಂಘದ ಕೆಲಸ ಇನ್ನು ಮರಿತಾಯಮ್ಮನದು, ನಾನು ಹಿಂದೆ ಸರಿದಿದ್ದೇನೆ. ಸಿದ್ದರಾಮುವಿನ ಪಾಲಿನ ಜಮೀನು ನಿನ್ನದು. ನೀನು ಯಾವ ದಿನ ಅಂದರೆ ಆ ದಿನ ಮಂಡ್ಯಕ್ಕೆ ಬಂದು ಬರೆದುಕೊಡುತ್ತೇನೆ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಹೊರಗೆ ನಿಂತಿರುತ್ತೇನೆ.

ಇಂತಿ,
ತಲೆ ತಗ್ಗಿಸಿ,
ರಾಮಲಿಂಗಯ್ಯ

ಮರೆತೆ ಅಂತಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ನಿನ್ನ ಸಹಿ ನನಗೆ ಹೇಗೆ ಬಂತು ಅಂತ ನೀನು ಕೇಳಿಯೇ ಕೇಳುತ್ತೀಯ. ಆ ಕಾರ್ಡಿನ ಅರ್ಜಿ ಮಂಡ್ಯವನ್ನು ಕಾಣಲೇ ಇಲ್ಲ. ಹನ್ನೊಂದು ವರ್ಷ ನನ್ನ ಟ್ರಂಕಿನಲ್ಲಿತ್ತು. ಅದನ್ನೇ ಮುಂದಿಟ್ಟುಕೊಂಡು ನಿನ್ನ ಸಹಿ ಕಲಿತೆ. ಈ ಕಾಗದದ ಜೊತೆ ಕಳಿಸಿದ್ದೇನೆ. ಹಿಂದೆ ತಿರುಗಿಸಿ ನೋಡು, ನಾನು ತಿದ್ದಿದ್ದೆಲ್ಲ ಅಲ್ಲೇ ಇದೆ.