ಪರದೆ ಹಾಕದ ಕಿಟಕಿಗಳು

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡೆ ಎಂದು ಬರೆದಿದ್ದೆಯಲ್ಲ, ಗಾಯ ಒಣಗಿತೇ? ಅಷ್ಟು ಜನಕ್ಕೆ ಬಡಿಸುವ ಮಹಾರಾಯ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ! ಅಪ್ಪನ ಕೆಮ್ಮು ಕಡಿಮೆಯಾಗಿದೆ. ನಿನ್ನೆ ಹಿತ್ತಲ ಬಾಗಿಲಿಗೆ ತಾವೇ ಬಣ್ಣ ಬಳಿದರು, ಅರ್ಧ ಬಾಗಿಲಿಗೆ, ಅರ್ಧ ಅಂಗಿಗೆ.

ಪರದೆ ಹೊಲಿಗೆಯಿಂದ ಈ ವರ್ಷ ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಹೊಸ ಕಟ್ಟಡದ ನಾಲ್ಕನೇ ಮಹಡಿಯ ಒಂದೇ ಮನೆಯ ಕಿಟಕಿಗಳನ್ನು ಮೂರು ಸಲ ಅಳೆದೆ, ಮೂರು ಬೇರೆ ಬೇರೆ ಮಾಲೀಕರಿಗೆ. ಒಬ್ಬರೂ ಅಲ್ಲಿ ಒಂದು ದಿನ ವಾಸ ಮಾಡಿಲ್ಲ. ಮೊದಲನೆಯವರ ಪರದೆ ಇನ್ನೂ ಕವರಿನಲ್ಲೇ ಇದೆ. ಮೂರನೆಯಾಕೆಯಂತೂ, "ನೋಡೋಕೆ ಬರೋರಿಗೆ ಮನೆ ಬೋಳು ಅನ್ನಿಸಬಾರದು ಅಷ್ಟೆ. ಮುಂದಿನ ತಿಂಗಳು ಮಾರ್ತೀವಿ" ಎಂದಳು. ಕೊಳ್ಳುವವರೆಲ್ಲ ಮಾರಲಿಕ್ಕೇ ಕೊಳ್ಳುತ್ತಿದ್ದಾರೆ. ಬ್ಯಾಂಕಿನವರು ಸಂಬಳವೆಷ್ಟು ಎಂದು ಕೇಳುವುದನ್ನೂ ಬಿಟ್ಟಿದ್ದಾರೆ. ಬೆಲೆ ಏರುತ್ತಲೇ ಇರುತ್ತದೆ ಎಂಬ ಧೈರ್ಯ. ಕ್ಷೌರದಂಗಡಿಯವನು ಕತ್ತರಿ ಕೆಳಗಿಟ್ಟು ಚದರಡಿಯ ಲೆಕ್ಕ ಹೇಳುತ್ತಾನೆ, ಅವನಿಗೀಗ ಎರಡು ಫ್ಲ್ಯಾಟು. ಎದುರುಮನೆಯ ಟೀಚರಮ್ಮ ಬಾಡಿಗೆ ದುಪ್ಪಟ್ಟಾಯಿತೆಂದು ಗಂಟುಮೂಟೆ ಕಟ್ಟಿದರು. ಆ ಮನೆಯೂ ಈಗ ಖಾಲಿ.

ಹೋದ ವಾರ ಎರಡೇ ದಿನದಲ್ಲಿ ಆರು ಜನ ಪರದೆ ಬೇಡ ಎಂದರು. ಬಟ್ಟೆ ಕತ್ತರಿಸಿಟ್ಟಿದ್ದೆ. ಆ ಮೂರನೆಯಾಕೆಯ ಮನೆ ನೋಡಲು ಎರಡು ತಿಂಗಳಿಂದ ಒಂದು ನರಪಿಳ್ಳೆಯೂ ಬಂದಿಲ್ಲವಂತೆ. ಬೆಲೆ ಬೀಳುವ ಹಾಗಿದೆ ಎಂದು ನಿನ್ನ ಭಾವನಿಗೆ ಹೇಳಿದರೆ, "ನಿನ್ನ ಹೊಲಿಗೆ ಮಿಷನ್ನು ಈಗ ಭವಿಷ್ಯನೂ ಹೇಳುತ್ತಾ?" ಎಂದು ನಕ್ಕರು.

ಅವರ ಯೋಜನೆ ಇಷ್ಟು: ನಾವಿರುವ ಈ ಅಪ್ಪನ ಮನೆಯನ್ನು ಅಡವಿಟ್ಟು ಅದೇ ಹೊಸ ಕಟ್ಟಡದಲ್ಲಿ ಎರಡು ಫ್ಲ್ಯಾಟು ಕೊಳ್ಳುವುದು, ವರ್ಷದೊಳಗೆ ಅವನ್ನು ಮಾರಿ ಮನೆ ಬಿಡಿಸಿಕೊಳ್ಳುವುದು. ಅಪ್ಪ ಮನೆಯನ್ನು ನಮ್ಮಿಬ್ಬರ ಹೆಸರಿಗೆ ಬರೆದಿರುವುದರಿಂದ ನಿನ್ನ ಸಹಿಯೂ ಬೇಕು. ಅಡಮಾನದ ಕಾಗದ ಇದರ ಜೊತೆಗಿದೆ. ಗುರುತು ಹಾಕಿದ ಕಡೆ ಸಹಿ ಮಾಡಿ ಮುಂದಿನ ಬಂದರಿನಿಂದಲೇ ಕಳಿಸಬೇಕಂತೆ. ನಿನ್ನ ಭಾವ ಕೆಟ್ಟವರಲ್ಲ ಕಣೋ, ಎಲ್ಲ ನಮ್ಮ ಒಳ್ಳೆಯದಕ್ಕೇ ಎಂದು ಮನಸಾರೆ ನಂಬಿದ್ದಾರೆ. ಪತ್ರವನ್ನು ತಾವೂ ಒಮ್ಮೆ ಓದಿ ಲಕೋಟೆಗೆ ಹಾಕಬೇಕೆಂದು ಪಕ್ಕದಲ್ಲೇ ಕೂತಿದ್ದಾರೆ.

ಮೈ ಜೋಪಾನ. ಬಿಸಿ ಪಾತ್ರೆಗೆ ಬರಿಗೈ ಹಾಕಬೇಡ. ಅಪ್ಪ ಆಶೀರ್ವಾದ ತಿಳಿಸಿದ್ದಾರೆ.

ನಿನ್ನ
ಅಕ್ಕ

ತಾ.ಕ.: ನಿನ್ನ ಭಾವ ಓದಿಯಾಯಿತು, ಅಂಟು ತರಲು ಒಳಗೆ ಹೋಗಿದ್ದಾರೆ. ಸಹಿ ಹಾಕಬೇಡ. ಆ ಕಾಗದ ಹರಿದು ನೀರಿಗೆ ಎಸೆ. ನಾನು ಸಹಿ ಹಾಕಿಬಿಟ್ಟೆ ತಮ್ಮಾ, ಅವರ ಮುಖ ನೋಡಿಕೊಂಡು ಇಲ್ಲವೆನ್ನಲು ಆಗಲಿಲ್ಲ. ನೀನು ಬಂದರು ತಲುಪಿದಾಗ ಅವರು ಫೋನ್ ಮಾಡಿ ನನ್ನ ಕೈಗೂ ಕೊಡುತ್ತಾರೆ. "ಹಾಕ್ಬಿಡೋ" ಎಂದು ನಾನೂ ಹೇಳುತ್ತೇನೆ. ಆಗ ನನ್ನ ಮಾತು ಕೇಳಬೇಡ.