ಸಂಕೋಚದ ಗೇರ್‌ಬಾಕ್ಸ್

ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮನಿಗೆ,

ನೀನು, ನಿನ್ನ ಹೆಂಡತಿ, ಮಕ್ಕಳು ಎಲ್ಲರೂ ಸೌಖ್ಯವೆಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಮೆಸೇಜುಗಳಿಗೆ ಉತ್ತರಿಸದೆ ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಬೇಸರಪಡಬೇಡ. ಶಾಲೆಯಲ್ಲಿ ಪರೀಕ್ಷೆಯ ಕಾಲ, ನಮ್ಮ ಊಟದ ಮೇಜಿನ ಮೇಲೂ ಉತ್ತರ ಪತ್ರಿಕೆಗಳೇ. ಜೊತೆಗೆ, ಈ ವಿಷಯವನ್ನು ಫೋನಿನಲ್ಲಿ ಎತ್ತಿದರೆ ನೀನು ಏನಾದರೂ ಹೇಳಿ ನಗಿಸಿ ಜಾರಿಕೊಳ್ಳುತ್ತೀಯ. ಅದಕ್ಕೇ ಕಾಗದ.

ನಿನ್ನ ಭಾವ ಕಾರು ಓಡಿಸುವುದನ್ನು ಬಿಟ್ಟಿದ್ದಾರೆ. ನಂಬುತ್ತೀಯಾ? ನಿವೃತ್ತಿಯಾಗುವವರೆಗೂ ಫೈರ್ ಎಂಜಿನ್ ಓಡಿಸಿದವರು, ಎಂಥ ಸಂದಿಯಲ್ಲೂ ಒಂದು ಗೀರು ಬೀಳದಂತೆ ನುಗ್ಗಿಸಿದವರು, ಈಗ ಚೀಲ ಹಿಡಿದು ನನ್ನ ಹಿಂದೆ ಮಾರುಕಟ್ಟೆಗೆ ನಡೆದು ಬರುತ್ತಾರೆ. ಸ್ಪೋರ್ಟ್ಸ್ ಕಾರಿನ ಹುಚ್ಚು ಅವರಿಗೆ ಎಷ್ಟು ಹಳೆಯದೆಂದು ನಿನಗೆ ಗೊತ್ತು. "ನಮ್ಮ ಕಂಪನಿದೇ ಹೊಸದು ಬಂದಿದೆ ಭಾವ, ಕಣ್ಣು ಮುಚ್ಕೊಂಡು ತಗೊಳ್ಳಿ" ಎಂದು ನೀನೇ ಹೇಳಿದೆ. ಅವರು ಹಾಗೆಯೇ ಕೊಂಡರು. ಆ ಕೆಂಪು ಕಾರಿನೊಳಗೆ ಕೂರುವುದೆಂದರೆ ನನಗೆ ಬಾವಿಗೆ ಇಳಿದಂತೆ, ಮೇಲೆತ್ತಲು ಇಬ್ಬರು ಬೇಕು. ಆದರೂ ಅವರ ಮುಖದ ಕಳೆ ನೋಡಿ ನಾನೂ ಖುಷಿಪಟ್ಟೆ.

ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಅದು ತಾನೇ ಗೇರ್ ಬದಲಿಸಿಕೊಳ್ಳುವ ಕಾರು ತಾನೆ, ಸ್ವಲ್ಪ ದೂರ ಓಡಿ ಬಿಸಿಯಾದ ಮೇಲೆ ಗೇರ್ ಬದಲಿಸುವಾಗೆಲ್ಲ ಗಕ್ಕನೆ ಜಗ್ಗುತ್ತಿತ್ತು. ಒಮ್ಮೊಮ್ಮೆ ಯಾವ ಗೇರನ್ನೂ ಹಿಡಿಯದೆ, ಮುಂದಕ್ಕೂ ಹೋಗದೆ, ಬರೀ ಅರಚುತ್ತಿತ್ತು. ಸರ್ವಿಸ್ ಸೆಂಟರಿಗೆ ಕೊಟ್ಟರೆ ಅವರು ಬೆಳಗಿನ ತಂಪಿನಲ್ಲಿ ಒಂದು ಸುತ್ತು ಹೊಡೆದು "ಏನೂ ಇಲ್ಲ" ಎಂದು ತಂದು ನಿಲ್ಲಿಸುತ್ತಿದ್ದರು. ಬಿಸಿಯಾದಾಗ ಬರುವ ರೋಗವನ್ನು ತಣ್ಣಗಿದ್ದಾಗ ಯಾಕೆ ಹುಡುಕುತ್ತಾರೆ? ನನಗೆ ಆಗಲೇ ವಾಸನೆ ಬಡಿಯಿತು. "ನಿಂದು ಅನುಮಾನದ ಬುದ್ಧಿ" ಎಂದು ನಿನ್ನ ಭಾವ ಗದರಿದರು.

ಆಮೇಲೆ ಆ ದಿನ ಬಂತು. ನಾಲ್ಕು ರಸ್ತೆ ಕೂಡುವಲ್ಲಿ ತಿರುಗಿಸುತ್ತಿದ್ದಾಗ ನಡುರಸ್ತೆಯಲ್ಲಿ ಗೇರ್ ಬಿಟ್ಟುಕೊಂಡಿತು. ಎದುರಿಗೆ ಬಸ್ಸು. ಆ ಪುಣ್ಯಾತ್ಮ ಬ್ರೇಕ್ ಒತ್ತಿ ನಿಲ್ಲಿಸಿದ್ದಕ್ಕೆ ನಾವಿಬ್ಬರೂ ಇದ್ದೇವೆ. ಸರ್ವಿಸ್ ಸೆಂಟರಿನವರು ಪರೀಕ್ಷೆ ಮಾಡಿ ಕೊಟ್ಟ ಉತ್ತರವೇನು ಗೊತ್ತಾ? ಸಾರ್ ಗಾಬರಿಯಲ್ಲಿ ತಪ್ಪು ಪೆಡಲಿನ ಮೇಲೆ ಕಾಲಿಟ್ಟಿರಬೇಕು ಎಂದು. ಗೂಬೆಯನ್ನು ನಿನ್ನ ಭಾವನ ತಲೆ ಮೇಲೆ ಕೂರಿಸಿದರು. ಅವರೋ ಜಗಳವಾಡುವ ಬದಲು ನಂಬಿಬಿಟ್ಟರು! "ವಯಸ್ಸಾಯ್ತು ಕಣೇ. ಕಾಲು ಎಲ್ಲಿಟ್ಟೆ ಅಂತ ನಂಗೇ ನೆನಪಿಲ್ಲ" ಎಂದರು. ಈಗ ಗ್ಯಾಸ್ ಆಫ್ ಮಾಡಿದ್ದರೂ ನನ್ನನ್ನು ಕರೆದು "ಆಫ್ ಆಗಿದ್ಯಾ ನೋಡು" ಎನ್ನುತ್ತಾರೆ. ನನಗೆ ಬಸ್ಸಿಗಿಂತ ಇದೇ ಹೆಚ್ಚು ಭಯ ಹುಟ್ಟಿಸಿದೆ.

ಹೋದ ವಾರ ನಾನೇ ಸರ್ವಿಸ್ ಸೆಂಟರಿಗೆ ಹೋದೆ. ನಮ್ಮ ಕಾರಿನಂಥದೇ ಇನ್ನೊಂದು ಹೊರಗೆ ನಿಂತಿತ್ತು. ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟರು, ಅದರ ಮಾಲೀಕರನ್ನು ಇನ್ನೊಂದು ಕೋಣೆಯಲ್ಲಿ. ಹೊರಗಿನ ಸೋಫಾಗಳೆಲ್ಲ ಖಾಲಿ! ಕಾಪಿ ಹೊಡೆಯುವ ಮಕ್ಕಳನ್ನು ನಾನೂ ಹೀಗೇ ದೂರ ದೂರ ಕೂರಿಸುತ್ತೇನೆ. ಕೈ ತೊಳೆಯುವ ನೆಪ ಮಾಡಿ ಆ ಕೋಣೆಗೆ ನುಗ್ಗಿದೆ. ಆಕೆ ಹಲ್ಲಿನ ಡಾಕ್ಟರು, ನನ್ನ ಮಗಳ ವಯಸ್ಸು. "ನಂದೂ ಬಿಸಿಯಾದ್ರೆ ಹಂಗೇ ಮಾಡುತ್ತೆ ಆಂಟಿ. ಗೇರ್‌ಬಾಕ್ಸ್ ಕೆಟ್ಟಿಲ್ಲ, ಸಂಕೋಚ ಪಡ್ತಿದೆ, ನಿಮ್ಮ ಕಾಲಿನ ಪರಿಚಯ ಆಗ್ಲಿ ಅಂತಾರೆ" ಎಂದಳು.

ತಮ್ಮಾ, ಇದೇ ಮಾತನ್ನು ಕೌಂಟರಿನ ಹುಡುಗಿ ನಮಗೂ ಹೇಳಿದ್ದಳು, ಮೆಕ್ಯಾನಿಕ್ ಕೂಡ ಹೇಳಿದ್ದ. ಎಲ್ಲರೂ ಒಂದೇ ತಪ್ಪು ಉತ್ತರವನ್ನು ಒಂದೇ ಮಾತಿನಲ್ಲಿ ಬರೆದರೆ ಮೇಷ್ಟ್ರಾದವರು ಏನೆಂದುಕೊಳ್ಳಬೇಕು? ಮ್ಯಾನೇಜರನ್ನು ಹೊಗಳುವ ಹಾಗೆ ಕೇಳಿದೆ, ಎಷ್ಟು ಚೆನ್ನಾಗಿ ಮಾತಾಡ್ತೀರಪ್ಪ, ಯಾರು ಕಲಿಸಿದ್ದು ಎಂದು. ಅವನು ಉಬ್ಬಿಹೋದ. "ಹೆಡ್ ಆಫೀಸಿಂದ ಟ್ರೇನಿಂಗ್ ಕೊಡೋಕೆ ಒಬ್ರು ಸಾರ್ ಬಂದಿದ್ರು ಮೇಡಂ. ಭಾರೀ ತಮಾಷೆ ಮನುಷ್ಯ. ಕಸ್ಟಮರ್ ಸಿಟ್ಟಾದ್ರೆ ಹಿಂಗನ್ನಿ ಅಂತ ಹೇಳ್ಕೊಟ್ರು" ಎಂದ.

ಹೆಡ್ ಆಫೀಸಿನಿಂದ ಊರೂರಿಗೆ ಹೋಗಿ ಅವರಿಗೆಲ್ಲ ಟ್ರೇನಿಂಗ್ ಕೊಡುವವನು ನೀನು. ನಾನು ಹೆಸರು ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ನಿನ್ನ ಪರವಾಗಿ ನಾನೇ ವಾದ ಮಾಡಿಕೊಂಡೆ. ಮೇಲಿನವರು ಹೇಳಿಕೊಟ್ಟದ್ದನ್ನು ನೀನು ಹೇಳಿರಬೇಕು. ಗೇರ್‌ಬಾಕ್ಸಿನ ದೋಷ ನಿನಗೂ ತಡವಾಗಿ ಗೊತ್ತಾಗಿರಬೇಕು.

ಕಂಪನಿಯ ಮೇಲೆ ದೂರು ಕೊಡು ಎಂದು ನಾನು ಕೇಳುವುದಿಲ್ಲ. ನಿನ್ನ ಅನ್ನಕ್ಕೆ ಕಲ್ಲು ಹಾಕುವವಳಲ್ಲ ನಾನು. ಒಮ್ಮೆ ಬಂದು ನಿನ್ನ ಭಾವನ ಎದುರು ಕೂತು, ತಪ್ಪು ನಿಮ್ಮ ಕಾಲಿನದಲ್ಲ, ಗೇರ್‌ಬಾಕ್ಸಿನದು ಎಂದು ಹೇಳು. ನಾನು ಹೇಳಿದರೆ ಹೆಂಡತಿ ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ನೀನು ಹೇಳಿದರೆ ನಂಬುತ್ತಾರೆ. ನಿನ್ನ ಮಾತನ್ನು ಅವರು ಯಾವಾಗಲೂ ನಂಬಿದ್ದಾರೆ.

ಮಕ್ಕಳಿಗೆ ನನ್ನ ಮುದ್ದು. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ

ಮತ್ತೆ: ಇದನ್ನು ಬರೆಯಬಾರದೆಂದಿದ್ದೆ. ಇಂದು ಬೆಳಿಗ್ಗೆ ನಿನ್ನ ಹೆಂಡತಿ ಫೋನ್ ಮಾಡಿದ್ದಳು. "ಅತ್ತಿಗೆ, ಆ ಕಾರು ಇನ್ನೂ ಇಟ್ಕೊಂಡಿದೀರಾ? ಆಫೀಸಿಂದ ಇವ್ರಿಗೂ ಒಂದು ಕೊಟ್ಟಿದ್ರು. ಗೇರ್ ಸರಿಯಿಲ್ಲ ಅಂತ ಮಕ್ಕಳನ್ನ ಅದ್ರೊಳಗೆ ಕೂರೋಕೇ ಬಿಡ್ಲಿಲ್ಲ, ವಾಪಸ್ ಕೊಟ್ಬಿಟ್ರು" ಎಂದಳು. ಯಾವಾಗ ಎಂದು ಕೇಳಿದೆ. ನೀವು ಬುಕ್ ಮಾಡೋಕೆ ಮುಂಚೇನೇ ಎಂದಳು, ಪಾಪ, ಏನೂ ತಿಳಿಯದೆ. "ನಿಮಗೂ ಹೇಳಿದ್ರಲ್ಲ?" ಎಂದು ಕೇಳಿದಳು. ಹೌದಮ್ಮ, ಹೇಳಿದ್ದ, ನಾವೇ ಕೇಳಲಿಲ್ಲ ಎಂದೆ. ಅವಳ ಮುಂದೆ ನಿನ್ನನ್ನು ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ.