ಡಾಡ್ಲಿಂಗ್ ಎಂಬ ಅಪರಾಧ

ಜೂನ್ ೩, ಸೋಮವಾರ

ಇವತ್ತೂ ಬೆಳಗ್ಗೆಯೆಲ್ಲ ವಾರ್ಡಿನ ಕಾರಿಡಾರಿನಲ್ಲೇ. ನಮ್ಮ ಪೇಷಂಟ್ ಟೇಲರಮ್ಮನಿಗೆ ಪಾರ್ಶ್ವವಾಯು ಹೊಡೆದು ಐದು ವಾರ. ಈಗ ನನ್ನ ತೋಳು ಹಿಡಿದು ಕಿಟಕಿಯವರೆಗೆ ನಡೆಯುತ್ತಾರೆ. ಹದಿನಾಲ್ಕು ನಿಮಿಷ. ಆಯಾ ಕೆಲಸ ಅಂದರೆ ಇದೇ.

ಮಧ್ಯಾಹ್ನ ಇನ್‌ಚಾರ್ಜ್ ಸಿಸ್ಟರ್ ಮೆಮೊ ಕೊಟ್ಟರು. ಇಂಗ್ಲಿಷಿನಲ್ಲಿ. ನನ್ನ ಹೆಸರು, ಕಾರಿಡಾರ್, ಆಮೇಲೆ 'ಡಾಡ್ಲಿಂಗ್'. ಸಹಿ ಹಾಕಿದೆ. ಲಿಫ್ಟ್ ನಡೆಸುವ ಮಾಮನನ್ನು ಅರ್ಥ ಕೇಳಿದರೆ, "ಅಕ್ಕರೆಯಿಂದ ನೋಡ್ಕೊಳ್ಳೋದು ಕಣಮ್ಮ, ಡಾರ್ಲಿಂಗ್ ಥರಾನೇ" ಎಂದ. ಉಬ್ಬಿಹೋದೆ.

ಅದೇ ದಿನ, ಸಂಜೆ ೭

ಮಗಳು ಡಿಕ್ಷನರಿ ತೆಗೆದಳು. ಓದಿ ನನ್ನ ಮುಖ ನೋಡಿದಳು. "ಅಮ್ಮಾ, ಇದು ಹೊಗಳಿಕೆ ಅಲ್ಲ. ಸುಮ್ನೆ ಟೈಮ್ ವೇಸ್ಟ್ ಮಾಡೋದು. ನಿಧಾನವಾಗಿ ನಡೆಯೋದು ಅಂತಾನೂ ಇದೆ."

ಎರಡಕ್ಕೂ ಒಂದೇ ಶಬ್ದವೇ? ಮೈಯೆಲ್ಲ ಉರಿಯಿತು. ಈಗಷ್ಟೇ ಜೀವ ಬರುತ್ತಿರುವ ಕಾಲನ್ನು ಓಡಿಸಲೇನು? ಲಿಫ್ಟ್ ಮಾಮನಿಗೆ ನಾಳೆ ಇದೆ.

ಜೂನ್ ೫

ಶುಕ್ರವಾರದೊಳಗೆ ಮೆಮೊಗೆ ಸರಿಯಾದ ಉತ್ತರ ಕೊಡದಿದ್ದರೆ ನನ್ನನ್ನು ಲಾಂಡ್ರಿ ಕೆಲಸಕ್ಕೆ ಹಾಕುತ್ತಾರಂತೆ. ನಾನು ಹೋದರೆ ಟೇಲರಮ್ಮನಿಗೆ ವೀಲ್‌ಚೇರೇ ಗತಿ. ನಡೆಸಲು ಬೇರೆ ಯಾರಿಗೂ ಪುರುಸೊತ್ತಿಲ್ಲ.

ದಾರಿಯಲ್ಲಿ ಕಲ್ಲು ಒದೆಯುತ್ತ ಸ್ಕೂಲಿಗೆ ಹೋಗುವವರಿಗೆ ಆ ಶಬ್ದ ಎಂದಳು ಮಗಳು. ಬೇಗ ಹೋಗಬಲ್ಲವರು ಹೋಗದಿದ್ದರೆ ಮಾತ್ರ! ನನ್ನ ಭಾಷೆಯಲ್ಲೇ ಬರೆದೆ: ನಿಧಾನ ನಡೆದದ್ದು ನಿಜ. ಟೇಲರಮ್ಮನಿಗೆ ಅದಕ್ಕಿಂತ ಬೇಗ ಆಗುವುದಿಲ್ಲ. ಆದ್ದರಿಂದ ಶಬ್ದ ತಪ್ಪು.

ಜೂನ್ ೭, ಶುಕ್ರವಾರ

ಇನ್‌ಚಾರ್ಜ್ ಎರಡು ಸಲ ಓದಿದರು. "ಶಬ್ದ ಬೇಕಾದ್ರೆ ತೆಗೀತೀನಿ. ಲಾಂಡ್ರಿಗೆ ಹಾಕಿರೋ ಆರ್ಡರ್ ತೆಗೆಯೋಕಾಗಲ್ಲ."

ಶಬ್ದದ ಮೇಲೆ ಗೀಟು ಎಳೆದರು — ದೊಡ್ಡ ಉಪಕಾರ! ಸೋಮವಾರದಿಂದ ಲಾಂಡ್ರಿ. ಎಂಥ ಅನ್ಯಾಯ. ಅಳು ಬಂತು, ಅವರೆದುರು ಅಳಲಿಲ್ಲ.

ಜೂನ್ ೧೦, ಸೋಮವಾರ

ದಿನವಿಡೀ ಬೆಡ್‌ಶೀಟು. ನಾಲ್ಕಕ್ಕೆ ಡ್ಯೂಟಿ ಮುಗಿಯಿತು. ಯೂನಿಫಾರಂ ಬಿಚ್ಚಿಟ್ಟು, ವಿಸಿಟರ್ ಪಾಸ್ ತೆಗೆದುಕೊಂಡು ವಾರ್ಡಿಗೆ ಹೋದೆ. ಟೇಲರಮ್ಮ ವೀಲ್‌ಚೇರಿನಲ್ಲಿ, ಗೋಡೆಗೆ ಮುಖ ಮಾಡಿ.

"ಬೆಳಗ್ಗೆಯಿಂದ ಎಲ್ಲಿ ಹಾಳಾಗಿ ಹೋಗಿದ್ಯೇ?"

ಎಬ್ಬಿಸಿದೆ. ಇನ್‌ಚಾರ್ಜ್ ಗಡಿಯಾರ ನೋಡಿದರು.

"ಇದು ನನ್ನ ಟೈಮು ಸಿಸ್ಟರ್. ಈಗ ನಾನು ವಿಸಿಟರ್ರು."

ಪಾಸ್ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ವಿಸಿಟಿಂಗ್ ಟೈಮ್ ಮುಗಿಯುವ ಆರರವರೆಗೆ ಯಾರೂ ಕೇಳುವಂತಿಲ್ಲ. ಬೇಕಾದಷ್ಟು ಡಾಡ್ಲಿಂಗ್ ಮಾಡಿದೆವು. ಕಿಟಕಿ ದಾಟಿ ಲಿಫ್ಟಿನವರೆಗೂ, ಮೊದಲ ಸಲ. ಅಲ್ಲಿ ಟೇಲರಮ್ಮ ನನ್ನ ತೋಳು ಬಿಟ್ಟು, ತಾವೇ ಒಂದು ಹೆಜ್ಜೆ ಇಟ್ಟರು.